ಗುರುವಲ್ಲ, ಹಿಮ್ಮೇಳ: ಹೆತ್ತವರಿಗೆ ಕಲಿಸುವ ಕಥೆಗಳ ಕುರಿತು

ಅರವತ್ತು ದಾಟಿದ ಅಪ್ಪನೋ ಅಮ್ಮನೋ ಒಂದು ದಿನ ಮಗಳ ಮುಂದೆ ಕೂತು, ನನಗೆ ಬೇಸ್ ಗಿಟಾರ್ ಕಲಿಸಿಕೊಡು ಎಂದು ಕೇಳಿದರೆ ಆ ಕಥೆಯನ್ನು ಕನ್ನಡದಲ್ಲಿ ಹೇಗೆ ಬರೆಯಬಹುದು? ನಮಗೆ ರೂಢಿಯಾಗಿರುವ ಎರಡು ದಾರಿಗಳು ತಟ್ಟನೆ ಹೊಳೆಯುತ್ತವೆ. ಒಂದು ಹಾಸ್ಯದ ದಾರಿ: ಮುದುಕನ ಶೋಕಿ, ನೆರೆಯವರ ನಗು, ಹೆಂಡತಿಯ ಗೊಣಗಾಟ, ಕೊನೆಗೆ ಅಟ್ಟ ಸೇರುವ ವಾದ್ಯ. ಇನ್ನೊಂದು ಭಾವುಕತೆಯ ದಾರಿ: ಕಷ್ಟಪಟ್ಟು ಕಲಿತ ತಾಯಿ, ಕೊನೆಯ ಪುಟದಲ್ಲಿ ವೇದಿಕೆ, ಚಪ್ಪಾಳೆ, ಮಗಳ ಕಣ್ಣಲ್ಲಿ ನೀರು. ಎರಡರಲ್ಲೂ ಬಿಟ್ಟುಹೋಗುವ ಸಂಗತಿ ಒಂದೇ. ಅದು ಕಲಿಕೆ. ಮಂಗಳವಾರದ ಪಾಠ ಬುಧವಾರಕ್ಕೆ ಮರೆತುಹೋದದ್ದು, ಕಿರುಬೆರಳು ಮಾತು ಕೇಳದಿದ್ದದ್ದು, ಮಗಳ ದನಿ ಸ್ವಲ್ಪ ಏರಿದ್ದು, ಅಪ್ಪ ಮಾತಿಲ್ಲದೆ ವಾದ್ಯವನ್ನು ಗೋಡೆಗೆ ಒರಗಿಸಿ ಎದ್ದುಹೋದದ್ದು, ಮರುದಿನ ಮತ್ತೆ ಬಂದು ಕೂತದ್ದು. ನಿಜವಾದ ಕಥೆ ಇರುವುದು ಈ ನಡುವಿನ ದಿನಗಳಲ್ಲಿ. ನಮ್ಮ ಬರಹ ಇವುಗಳನ್ನು ಒಂದು ಸಾಲಿನಲ್ಲಿ ದಾಟಿಬಿಡುತ್ತದೆ.

ಮಕ್ಕಳು ಹೆತ್ತವರಿಗೆ ಕಲಿಸುವ ಪ್ರಸಂಗ ನಮ್ಮ ಪರಂಪರೆಗೆ ಹೊಸದಲ್ಲ. ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಎಂಬ ನಾಲ್ಕು ನೆರೆಯೂರುಗಳ ಕಥೆಗಳನ್ನಷ್ಟೇ ತೆಗೆದುಕೊಂಡರೂ ತಂದೆಗೆ ಪಾಠ ಹೇಳಿದ ಮಗ, ತಂದೆಯಿಂದ ಕೊಲೆಯ ಆಜ್ಞೆ ಪಡೆದ ಮಗ, ತಾಯಿಯ ಹೆಸರಿನಲ್ಲಿ ಊರು ಕಟ್ಟಿದ ಮಗ, ನಡುವಯಸ್ಸಿನಲ್ಲಿ ಬದುಕು ಬದಲಿಸಿ ಹಾಡಿಗೆ ತೆತ್ತುಕೊಂಡ ತಂದೆ ಎಲ್ಲರೂ ಸಿಗುತ್ತಾರೆ. 2021ರಲ್ಲಿ ವಿಜಯನಗರ ಜಿಲ್ಲೆಯಾದ ಮೇಲೆ ಹೊಸಪೇಟೆ ಮತ್ತು ಹಂಪಿ ಒಂದು ಕಡೆಗೆ, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯ ಕಡೆಗೆ ಹಂಚಿಹೋದವು. ಕಥೆಗಳಿಗೆ ಆ ಗಡಿ ಗೊತ್ತಿಲ್ಲ. ಹೆತ್ತವರ ಕಲಿಕೆಯನ್ನು ಬರೆಯಲು ಬೇಕಾದ ರೂಪ ಈ ಕಥೆಗಳಲ್ಲಿ ಎಲ್ಲಿದೆ ಎಂದು ಹುಡುಕುವುದು ಈ ಲೇಖನದ ಕೆಲಸ.

ಹುಡುಕುವ ಮೊದಲು ವಾದ್ಯದ ಬಗ್ಗೆ ಎರಡು ಮಾತು. ಬೇಸ್ ಗಿಟಾರ್ ಎಂದರೆ ದೊಡ್ಡ ಗಿಟಾರ್ ಅಷ್ಟೇ ಅಲ್ಲ, ಅದರ ಕೆಲಸವೇ ಬೇರೆ. ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ಪ್ರಿಸಿಷನ್ ಬೇಸ್‌ನಿಂದ ಇದು ಜನಪ್ರಿಯ ಸಂಗೀತದ ತಳಪಾಯವಾಯಿತು. ನಾಲ್ಕು ದಪ್ಪ ತಂತಿಗಳು, ಅತ್ಯಂತ ದಪ್ಪ ತಂತಿಯ ಕಂಪನ ಸೆಕೆಂಡಿಗೆ ಸುಮಾರು 41. ಹಾಡು ಕೇಳುವವರು ಹೆಚ್ಚಾಗಿ ಇದನ್ನು ಗಮನಿಸುವುದಿಲ್ಲ, ನಿಂತಾಗ ಮಾತ್ರ ಏನೋ ಕುಸಿದಂತೆ ಅನಿಸುತ್ತದೆ. ತಾಳಕ್ಕೂ ರಾಗಕ್ಕೂ ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುವ ಕೆಲಸ ಇದರದ್ದು.

ಇಂಥ ವಾದ್ಯ ಒಬ್ಬ ಹಿರಿಯರ ಆಸೆಯಾಗುವುದು ಅಸಹಜವೇನಲ್ಲ. ಇಂದು ಅರವತ್ತು, ಅರವತ್ತೈದರಲ್ಲಿರುವವರು 1981ರಲ್ಲಿ ಶಂಕರ್ ನಾಗ್ ಅವರ 'ಗೀತಾ' ಬಂದಾಗ, 1983ರಲ್ಲಿ ಮಣಿರತ್ನಂ ಅವರ ಮೊದಲ ಚಿತ್ರ 'ಪಲ್ಲವಿ ಅನುಪಲ್ಲವಿ' ಬಂದಾಗ ಕಾಲೇಜು ವಯಸ್ಸಿನವರು. ಎರಡಕ್ಕೂ ಸಂಗೀತ ಇಳಯರಾಜಾ ಅವರದು. ಆ ಹಾಡುಗಳಲ್ಲಿ ಬೇಸ್ ಗಿಟಾರ್ ಸುಮ್ಮನೆ ತಾಳ ಕುಟ್ಟುವುದಿಲ್ಲ, ಹಾಡುವ ದನಿಯ ಕೆಳಗೆ ತನ್ನದೇ ಆದ ಇನ್ನೊಂದು ಹಾಡನ್ನು ನಡೆಸುತ್ತದೆ. ದೋಣಿಮಲೈ ಗಣಿಯಲ್ಲಿ ದುಡಿದು ನಿವೃತ್ತನಾದವನೋ, ಕಂಪ್ಲಿಯ ಗದ್ದೆಯಲ್ಲಿ ಭತ್ತ ಬೆಳೆದವನೋ ಆ ದನಿಯನ್ನು ನಲವತ್ತು ವರ್ಷ ಮೈಯೊಳಗೆ ಇಟ್ಟುಕೊಂಡಿದ್ದರೆ ಆಶ್ಚರ್ಯವಿಲ್ಲ. ಇನ್ನೊಂದು ಕಾರಣವೂ ಇದೆ. ವಯಸ್ಸಾದಂತೆ ಕಿವಿ ಸಾಮಾನ್ಯವಾಗಿ ಮೊದಲು ಕಳೆದುಕೊಳ್ಳುವುದು ಮೇಲಿನ ಸ್ವರಗಳನ್ನು. ಕೆಳಗಿನವು ಹೆಚ್ಚು ಕಾಲ ಜೊತೆಗಿರುತ್ತವೆ, ಕಿವಿಗಷ್ಟೇ ಅಲ್ಲ, ಎದೆಗೂ ಹೊಟ್ಟೆಗೂ ಕೇಳಿಸುತ್ತವೆ. ಮುಪ್ಪಿಗೆ ಒಗ್ಗುವ ವಾದ್ಯ ಯಾವುದು ಎಂದು ಯಾರಾದರೂ ಕೇಳಿದರೆ ಬೇಸ್ ಒಂದು ಒಳ್ಳೆಯ ಉತ್ತರ.

ಭಾರತದ ಬೇಸ್ ವಾದಕರಲ್ಲಿ ಇಂದು ಜಗತ್ತಿನಾದ್ಯಂತ ಹೆಸರಾದ ಮೋಹಿನಿ ಡೇ ಮುಂಬೈಯವರು. ಅವರು ಬಾಲ್ಯದಲ್ಲೇ ಕಲಿತದ್ದು ಬೇಸ್ ವಾದಕರಾದ ತಂದೆಯಿಂದ. ಇದು ನಮಗೆ ಪರಿಚಿತವಾದ ದಿಕ್ಕು: ತಂದೆಯಿಂದ ಮಗಳಿಗೆ, ಮೇಲಿನಿಂದ ಕೆಳಕ್ಕೆ. ಇದನ್ನು ಬರೆಯಲು ನಮ್ಮಲ್ಲಿ ಭಾಷೆ ಇದೆ, ಪರಂಪರೆ ಎಂಬ ಮಾತೇ ಇದೆ. ದಿಕ್ಕು ತಿರುಗಿದರೆ ಮಾತ್ರ ಪದಗಳು ಸಾಲುವುದಿಲ್ಲ.

*

ದಿಕ್ಕು ತಿರುಗಿದ ಕಥೆಗಳಲ್ಲಿ ಇಂದಿನ ವಿದ್ಯಾರ್ಥಿಗಳಿಗೆ ಹೆಚ್ಚು ಪರಿಚಿತವಾದದ್ದು ಸುಧಾ ಮೂರ್ತಿಯವರು ಅಜ್ಜಿಗೆ ಓದು ಕಲಿಸಿದ ಪ್ರಸಂಗ. ಅವರು ಇಂಗ್ಲಿಷಿನಲ್ಲಿ ಬರೆದ ಇದು ಪಠ್ಯಪುಸ್ತಕಗಳ ಮೂಲಕ ಮನೆಮಾತಾಗಿದೆ. ಉತ್ತರ ಕರ್ನಾಟಕದ ಹಳ್ಳಿ. 'ಕರ್ಮವೀರ'ದಲ್ಲಿ ವಾರವಾರ ಬರುವ ತ್ರಿವೇಣಿಯವರ 'ಕಾಶೀಯಾತ್ರೆ'ಯನ್ನು ಮೊಮ್ಮಗಳು ಅಜ್ಜಿಗೆ ಓದಿ ಹೇಳುತ್ತಾಳೆ. ಮೊಮ್ಮಗಳು ಒಂದು ವಾರ ಮದುವೆಗೆ ಹೋದಾಗ ಪತ್ರಿಕೆ ಬರುತ್ತದೆ, ಅಜ್ಜಿಗೆ ಓದಲಾಗುವುದಿಲ್ಲ. ಆ ಅಸಹಾಯಕತೆಯಿಂದ ಅರವತ್ತೆರಡನೆಯ ವಯಸ್ಸಿನಲ್ಲಿ ಅಕ್ಷರ ಕಲಿಯುವ ನಿರ್ಧಾರ ಹುಟ್ಟುತ್ತದೆ. ದಸರೆಯ ಸರಸ್ವತಿ ಪೂಜೆಯ ಹೊತ್ತಿಗೆ ಅಜ್ಜಿ ಓದಬಲ್ಲವಳಾಗಿ, ಮೊಮ್ಮಗಳ ಕಾಲಿಗೆ ನಮಸ್ಕರಿಸುತ್ತಾಳೆ.

ಈ ಕಥೆಯ ಶಕ್ತಿ ಅದರ ಆರಂಭದಲ್ಲಿದೆ. ಪತ್ರಿಕೆಯ ಪುಟದ ಮೇಲೆ ಕೈಯಾಡಿಸಿ ಅಕ್ಷರಗಳು ಮಾತಾಡಲಿ ಎಂದು ಆಸೆಪಡುವ ಅಜ್ಜಿಯ ಚಿತ್ರ ಮರೆಯುವಂಥದ್ದಲ್ಲ. ಇತರರ ಮೇಲೆ ಅವಲಂಬಿತಳಾಗಿರುವ ಅವಮಾನವನ್ನು ಅದು ಸದ್ದಿಲ್ಲದೆ ಹೇಳುತ್ತದೆ. ಆದರೆ ನಿರ್ಧಾರಕ್ಕೂ ನಮಸ್ಕಾರಕ್ಕೂ ನಡುವಿನ ತಿಂಗಳುಗಳು ಕೆಲವೇ ವಾಕ್ಯಗಳಲ್ಲಿ ಮುಗಿದುಹೋಗುತ್ತವೆ. ಅಜ್ಜಿ ಓದಿದಳು, ಬರೆದಳು, ಬಾಯಿಪಾಠ ಮಾಡಿದಳು, ಶ್ರದ್ಧೆಯ ವಿದ್ಯಾರ್ಥಿನಿಯಾಗಿದ್ದಳು ಎಂಬಷ್ಟೇ ನಮಗೆ ಸಿಗುತ್ತದೆ. ಒತ್ತಕ್ಷರದಲ್ಲಿ ತಡವರಿಸಿದಳೇ, ಹನ್ನೆರಡು ವರ್ಷದ ಗುರುವಿಗೆ ಯಾವಾಗಲಾದರೂ ಬೇಸರ ಬಂತೇ, ಆ ಬೇಸರವನ್ನು ಅಜ್ಜಿ ಹೇಗೆ ತಾಳಿಕೊಂಡಳು ಎಂಬುದು ಬರುವುದಿಲ್ಲ. ಹಿರಿಯರು ಕಿರಿಯರ ಪಾದ ಮುಟ್ಟುವ ಕೊನೆಯ ದೃಶ್ಯ ಕಥೆಯನ್ನು ಎತ್ತರಕ್ಕೆ ಒಯ್ಯುತ್ತದೆ ನಿಜ. ಜೊತೆಗೆ ಅದು ಸಂಬಂಧವನ್ನು ಮತ್ತೆ ಹಳೆಯ ಅಚ್ಚಿಗೇ ಸುರಿಯುತ್ತದೆ: ಯಾರಾದರೊಬ್ಬರು ಮೇಲೆ, ಇನ್ನೊಬ್ಬರು ಕೆಳಗೆ. ವಯಸ್ಸು ಅದಲುಬದಲಾಯಿತೇ ಹೊರತು ಏಣಿ ಅಲ್ಲೇ ಉಳಿಯಿತು.

ಈ ಏಣಿ ಸುಧಾ ಮೂರ್ತಿಯವರ ಸೃಷ್ಟಿಯಲ್ಲ. ಇದು ಬಹಳ ಹಳೆಯದು, ಇದರ ದೇವರು ಸಂಡೂರಿನ ಬೆಟ್ಟದ ಮೇಲೇ ಇದ್ದಾನೆ.

*

ಸಂಡೂರಿನ ಕುಮಾರಸ್ವಾಮಿ ಬೆಟ್ಟದಲ್ಲಿ ಎರಡು ಪ್ರಾಚೀನ ಗುಡಿಗಳು ಅಕ್ಕಪಕ್ಕದಲ್ಲಿವೆ, ಒಂದು ಪಾರ್ವತಿಯದು, ಇನ್ನೊಂದು ಕುಮಾರಸ್ವಾಮಿಯದು. ಈ ಕುಮಾರನೇ ತಂದೆಗೆ ಪಾಠ ಹೇಳಿದ ಮಗ. ಪ್ರಣವದ ಅರ್ಥ ತಿಳಿಯದ ಬ್ರಹ್ಮನನ್ನು ಸೆರೆಯಲ್ಲಿಟ್ಟ ಬಾಲಕನನ್ನು ಶಿವ ಬಂದು, ಹಾಗಾದರೆ ನೀನೇ ಹೇಳು ಎಂದು ಕೇಳುತ್ತಾನೆ. ಹೇಳಬೇಕಾದರೆ ನೀನು ಶಿಷ್ಯನಂತೆ ಕೂರಬೇಕು ಎನ್ನುತ್ತಾನೆ ಮಗ. ಶಿವ ತಲೆಬಾಗಿ ಕಿವಿಗೊಡುತ್ತಾನೆ. ತಮಿಳುನಾಡಿನ ಸ್ವಾಮಿಮಲೈ ಈ ಪ್ರಸಂಗಕ್ಕೆ ಮೀಸಲಾದ ಕ್ಷೇತ್ರ. ಕಥೆ ಮಾತ್ರ ಸ್ಕಂದನಿರುವಲ್ಲೆಲ್ಲ ನಡೆದಾಡಿದೆ.

ವಿಮರ್ಶೆಯ ಕಣ್ಣಿನಿಂದ ನೋಡಿದರೆ ಇಲ್ಲಿ ಎರಡು ತೊಡಕುಗಳಿವೆ. ಮೊದಲನೆಯದು, ಕಲಿಸುವ ವಸ್ತು ಒಂದು ರಹಸ್ಯ. ಕಿವಿಯಲ್ಲಿ ಉಸಿರಿದರೆ ಮುಗಿಯಿತು, ಅಭ್ಯಾಸ ಬೇಡ. ಎರಡನೆಯದು, ಶಿಷ್ಯ ಸರ್ವಜ್ಞ. ಶಿವನಿಗೆ ನಿಜವಾಗಿ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಕೇಳುಗನಿಗೆ ಗೊತ್ತು. ಆದ್ದರಿಂದ ಅವನ ಬಾಗುವಿಕೆ ಒಂದು ಲೀಲೆ. ಮನೆಯ ಅಪ್ಪ ಬೇಸ್ ಗಿಟಾರ್ ಹಿಡಿದು ಕೂತಾಗ ಲೀಲೆ ಇಲ್ಲ. ಅವನಿಗೆ ನಿಜವಾಗಿಯೂ ಗೊತ್ತಿಲ್ಲ, ಮತ್ತು ಗೊತ್ತಿಲ್ಲ ಎಂಬುದನ್ನು ತಾನು ಬೆಳೆಸಿದ ಮಗುವಿನ ಮುಂದೆ ದಿನವೂ ತೋರಿಸಿಕೊಳ್ಳಬೇಕು. ಇಡೀ ಆಯುಷ್ಯ ಮನೆಯಲ್ಲಿ 'ಗೊತ್ತಿರುವವನು' ಎಂಬ ಸ್ಥಾನದಲ್ಲಿದ್ದವನಿಗೆ ಇದು ಸಣ್ಣ ಸಂಗತಿಯಲ್ಲ. ಪುರಾಣ ಆ ಕಷ್ಟವನ್ನು ದೇವರ ಹೆಗಲಿಗೆ ಹಾಕಿ ಹಗುರ ಮಾಡಿಕೊಂಡಿತು.

ಸಂಡೂರು ಇದಕ್ಕೊಂದು ಪ್ರತಿಕಥೆಯನ್ನೂ ಕೊಟ್ಟಿದೆ. ತಾಯಿಯ ಮೇಲೆ ಮುನಿದ ಕುಮಾರಸ್ವಾಮಿ ಅವಳ ಎದೆಹಾಲನ್ನು ಕಕ್ಕಿಬಿಟ್ಟ ಎಂಬುದು ಈ ಬೆಟ್ಟದ ಸ್ಥಳಕಥೆ. ತಂದೆಗೆ ಜ್ಞಾನ ಕೊಟ್ಟ ಮಗನೇ ತಾಯಿ ಕೊಟ್ಟದ್ದನ್ನು ಹಿಂತಿರುಗಿಸಿದ. ಎರಡನ್ನೂ ಒಟ್ಟಿಗೆ ಓದಿದರೆ ಒಂದು ಪ್ರಶ್ನೆ ಏಳುತ್ತದೆ: ತಂದೆಗೆ ಕಲಿಸಿದ ಮಗನನ್ನು ಪುರಾಣ ಸ್ವಾಮಿನಾಥ ಎಂದು ಹಾಡಿ ಹೊಗಳಿತು, ತಾಯಿಗೆ ಕಲಿಸಿದ ಮಗನ ಕಥೆ ಎಲ್ಲಿದೆ? ಅಮ್ಮ ಏನಾದರೂ ಕಲಿಯಲು ಬಯಸಿದಳೇ ಎಂದು ಯಾರು ಕೇಳಿದರು? ಇಂದಿನ ಮನೆಗಳಲ್ಲೂ ಅಪ್ಪನ ನಿವೃತ್ತಿಗೆ ದಿನಾಂಕವಿರುತ್ತದೆ, ಹವ್ಯಾಸಕ್ಕೆ ಬಿಡುವಿರುತ್ತದೆ. ಅಮ್ಮನ ಅಡುಗೆಮನೆಗೆ ನಿವೃತ್ತಿಯ ದಿನಾಂಕವಿಲ್ಲ. ಅಮೆರಿಕದ ಕ್ಯಾರೊಲ್ ಕೇ 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ಸ್ಟುಡಿಯೋಗಳಲ್ಲಿ ಬೇಸ್ ನುಡಿಸಿ, ಬೇಸ್ ಕಲಿಯುವವರಿಗೆ ಪಾಠಪುಸ್ತಕವನ್ನೂ ಬರೆದ ಹೆಂಗಸು. ವಾದ್ಯಕ್ಕೆ ಲಿಂಗವಿಲ್ಲ, ಬಿಡುವಿಗೆ ಇದೆ. ಹಾಗಾಗಿ ತಾಯಿಗೆ ಬೇಸ್ ಕಲಿಸುವ ಕಥೆ ಬರೆಯುವವರು ಮೊದಲು ಬರೆಯಬೇಕಾದದ್ದು ಆ ಒಂದು ಗಂಟೆ ಎಲ್ಲಿಂದ ಬಂತು, ಆ ಹೊತ್ತು ಒಲೆಯ ಮುಂದೆ ಯಾರು ನಿಂತಿದ್ದರು ಎಂಬುದನ್ನು.

*

ತಂದೆಗೆ ಮಗ ಪಾಠ ಹೇಳಲಾಗದೇ ಹೋದ ಕಥೆ ಕಂಪ್ಲಿಯದು. 14ನೇ ಶತಮಾನದ ಆರಂಭದಲ್ಲಿ ಇಲ್ಲಿ ಆಳಿದ ಕಂಪಿಲರಾಯನ ಮಗ ಕುಮಾರರಾಮ. ನಂಜುಂಡ ಕವಿಯ ಸಾಂಗತ್ಯದಿಂದ ಹಿಡಿದು ಜನಪದ ಗಾಯಕರ ಬಾಯಿಯವರೆಗೆ ಈ ಕಥೆ ಹಬ್ಬಿದೆ. ಚಿಕ್ಕತಾಯಿ ರತ್ನಾಜಿಯ ಆರೋಪವನ್ನು ನಂಬಿದ ತಂದೆ ಮಗನ ತಲೆ ತೆಗೆಯಲು ಆಜ್ಞೆ ಮಾಡುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ಅಡಗಿಸಿಟ್ಟು ಕಾಪಾಡುತ್ತಾನೆ. ದೆಹಲಿಯ ಸೈನ್ಯ ಮುತ್ತಿದಾಗ ಸತ್ತನೆಂದುಕೊಂಡ ಮಗ ಹೊರಬಂದು ರಾಜ್ಯಕ್ಕಾಗಿ ಹೋರಾಡುತ್ತಾನೆ. ತಂದೆಗೆ ಬುದ್ಧಿ ಬರುವುದು ಆಗ.

ಇಲ್ಲಿ ತಂದೆಯ ಕಲಿಕೆ ಪಶ್ಚಾತ್ತಾಪದ ರೂಪದಲ್ಲಿ ಬರುತ್ತದೆ, ಬರುವಾಗ ತಡವಾಗಿರುತ್ತದೆ. ಸಂಡೂರಿನ ಕಥೆಯಲ್ಲಿ ತಂದೆ ಸುಲಭವಾಗಿ ಬಾಗಿದ, ಕಂಪ್ಲಿಯ ಕಥೆಯಲ್ಲಿ ತಂದೆ ಬಾಗಲೇ ಇಲ್ಲ. ಒಂದು ಅತಿಮಾನುಷ, ಇನ್ನೊಂದು ದುರಂತ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಈ ಎರಡನೆಯ ಕಥೆಯ ಸಾರ. ಆದರೆ ನಮ್ಮ ಕೈಯಲ್ಲಿರುವ ವಾದ್ಯ ಮರದ್ದೇ. ಬೇಸ್ ಗಿಟಾರಿನ ಕುತ್ತಿಗೆಯೊಳಗೆ ಸಾಮಾನ್ಯವಾಗಿ ಒಂದು ಲೋಹದ ಸರಳು ಇರುತ್ತದೆ. ಅದನ್ನು ಸ್ವಲ್ಪ ಸ್ವಲ್ಪ ತಿರುಗಿಸಿ ಮರದ ಬಾಗನ್ನು ತಿದ್ದುತ್ತಾರೆ. ಒಮ್ಮೆಗೇ ತಿರುಗಿಸಿದರೆ ಕೆಡುತ್ತದೆ. ಮರವೂ ಬಗ್ಗುತ್ತದೆ, ನಿಧಾನಕ್ಕೆ. ಗಾದೆಗೆ ಉತ್ತರ ಕೊಡುವ ಇನ್ನೊಂದು ಗಾದೆಯೂ ನಮ್ಮಲ್ಲೇ ಇದೆ, ಹಾಡ್ತಾ ಹಾಡ್ತಾ ರಾಗ ಎಂದು.

ಹಾಡ್ತಾ ಹಾಡ್ತಾ ರಾಗ ಎಂಬುದು ಬರಿಯ ಗಾದೆಯಾಗಿ ಉಳಿಯದೆ ಕಲಿಕೆಯ ಪದ್ಧತಿಯೇ ಆಗಿರುವುದನ್ನು ನೋಡಬೇಕಾದರೆ ಕುಮಾರರಾಮನ ಕಥೆಯಿಂದ ಅದನ್ನು ಹಾಡಿದವರ ಕಡೆಗೆ ತಿರುಗಬೇಕು. ಸಂಡೂರು ತಾಲೂಕಿನ ದರೋಜಿಯ ಬುರ್ರಕಥಾ ಈರಮ್ಮ ಕುಮಾರರಾಮನ ಕಾವ್ಯವೂ ಸೇರಿದಂತೆ ಹಲವು ದೀರ್ಘ ಕಾವ್ಯಗಳನ್ನು ಹಾಡುತ್ತಿದ್ದವರು. ಬುಡ್ಗಜಂಗಮ ಸಮುದಾಯದ ಈರಮ್ಮನಿಗೆ ಅಕ್ಷರ ಬರುತ್ತಿರಲಿಲ್ಲ. ಸಾವಿರಾರು ಪುಟಗಳಷ್ಟು ಕಾವ್ಯ ಕಂಠದಲ್ಲಿತ್ತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಆಕೆಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ಆಕೆ ತೀರಿಕೊಂಡರು. ಈರಮ್ಮ ಈ ಕಲೆಯನ್ನು ಕಲಿತದ್ದು ತಂದೆಯಿಂದ. ದಿಕ್ಕು ಮತ್ತೆ ಹಳೆಯದೇ. ನಮಗೆ ಬೇಕಾದದ್ದು ಇಲ್ಲಿನ ದಿಕ್ಕಲ್ಲ, ಕಲಿಯುವ ರೀತಿ.

ಬುರ್ರಕಥೆಯಲ್ಲಿ ಮುಖ್ಯ ಕಥೆಗಾರ್ತಿ ತಂಬೂರಿ ಹಿಡಿದು ಕಥೆ ನಡೆಸುತ್ತಾಳೆ. ಪಕ್ಕದವರು ವಾದ್ಯ ಬಡಿಯುತ್ತ ಅವಳ ಸಾಲಿನ ತುದಿಯನ್ನು ಹಿಡಿದು ದನಿಗೂಡಿಸುತ್ತಾರೆ. ಈರಮ್ಮನ ಜೊತೆ ಹೀಗೆ ನಿಂತವರು ಮನೆಯ ಹೆಂಗಸರೇ. ಹಿಮ್ಮೇಳದಲ್ಲಿ ನಿಂತವರಿಗೆ ಪೂರ್ತಿ ಕಥೆ ಗೊತ್ತಿರಲೇಬೇಕೆಂದಿಲ್ಲ. ಎಲ್ಲಿ ಸೇರಬೇಕು, ಎಲ್ಲಿ ಬಿಡಬೇಕು ಎಂಬುದು ಗೊತ್ತಿದ್ದರೆ ಸಾಕು. ಅಂದರೆ ಕಲಿಯುವವರು ಮೊದಲ ದಿನದಿಂದಲೇ ಮೇಳದ ಒಳಗೆ. ಮೊದಲು ಕಲಿಕೆ, ಆಮೇಲೆ ಪ್ರದರ್ಶನ ಎಂಬ ವಿಂಗಡಣೆ ಇಲ್ಲಿಲ್ಲ. ಗುರು ಪಾಠ ಹೇಳಿ ಒಪ್ಪಿಸಿಕೊಳ್ಳುವ ಕ್ರಮದಲ್ಲಿ ತಪ್ಪು ಎಂದರೆ ಅಪರಾಧ. ಹಿಮ್ಮೇಳದಲ್ಲಿ ತಪ್ಪು ಎಂದರೆ ಒಂದು ಸಾಲು ಕೈಬಿಟ್ಟದ್ದು ಅಷ್ಟೇ, ಮುಂದಿನ ಸಾಲಿಗೆ ಸೇರಿಕೊಳ್ಳಬಹುದು.

ಬೇಸ್ ಗಿಟಾರ್ ಈ ಪದ್ಧತಿಗೆ ಹೇಳಿ ಮಾಡಿಸಿದ ವಾದ್ಯ. ಮಗಳು ಹಾಡುತ್ತಾಳೆ ಅಥವಾ ಕೀಬೋರ್ಡಿನಲ್ಲಿ ರಾಗ ನುಡಿಸುತ್ತಾಳೆ ಎಂದಿಟ್ಟುಕೊಳ್ಳಿ. ಅಪ್ಪ ಪ್ರತಿ ಆವರ್ತದ ಮೊದಲ ಬಡಿತಕ್ಕೆ ಒಂದೇ ಒಂದು ಸ್ವರ ಮೀಟಿದರೂ ಅದು ಸಂಗೀತವೇ. ಪಿಟೀಲು ಕಲಿಯುವವರಿಗೆ ಮೊದಲ ದಿನ ಈ ಭಾಗ್ಯವಿಲ್ಲ. ಇಲ್ಲಿ ಕಲಿಯುವ ಅಪ್ಪ ಮಗಳ ಹಾಡಿಗೆ ಹಿಮ್ಮೇಳ, ಕಲಿಸುವ ಮಗಳು ಅಪ್ಪನ ಕಲಿಕೆಗೆ ಹಿಮ್ಮೇಳ. ಯಾರೂ ಯಾರ ಕಾಲಿಗೂ ಬೀಳಬೇಕಾಗಿಲ್ಲ. ಏಣಿಯ ಬದಲು ಇಬ್ಬರೂ ಒಂದೇ ಚಾಪೆಯ ಮೇಲೆ ಕೂರುವ ಸಾಧ್ಯತೆ ಹುಟ್ಟುವುದು ಇಲ್ಲಿ.

*

ಒಂದೇ ಸ್ವರದಿಂದ ಮುಂದಕ್ಕೆ ಹೋಗಬೇಕಾದಾಗ ಅಭ್ಯಾಸದ ಪಾಠ ಬೇಕಾಗುತ್ತದೆ. ಅದಕ್ಕೆ ದರೋಜಿಯಿಂದ ಹಂಪಿಗೆ ಬರಬೇಕು. ವಿಠ್ಠಲ ದೇವಾಲಯದಿಂದ ಸ್ವಲ್ಪ ದೂರದಲ್ಲಿ, ತುಂಗಭದ್ರೆಯ ದಂಡೆಯ ಮೇಲೆ ಪುರಂದರದಾಸರ ಮಂಟಪವಿದೆ. ಸಂಪ್ರದಾಯ ಹೇಳುವಂತೆ ಶ್ರೀನಿವಾಸ ನಾಯಕ ಹಣದ ವ್ಯವಹಾರ ಬಲ್ಲ ವ್ಯಾಪಾರಿ, ಜಿಪುಣ. ಹೆಂಡತಿ ಸರಸ್ವತಿ ದಾನ ಕೊಟ್ಟ ಮೂಗುತಿಯ ಪ್ರಸಂಗ ಅವನ ಕಣ್ಣು ತೆರೆಸಿತು. ವ್ಯಾಸರಾಯರಿಂದ ದೀಕ್ಷೆ ಪಡೆದು ದಾಸನಾದಾಗ ಅವನು ಹೆಂಡತಿ ಮಕ್ಕಳಿರುವ ನಡುವಯಸ್ಕ. ಕರ್ನಾಟಕ ಸಂಗೀತದ ಆರಂಭದ ಪಾಠಗಳಾದ ಸರಳೆ, ಜಂಟಿ, ಅಲಂಕಾರಗಳನ್ನು ರೂಪಿಸಿ, ಅವಕ್ಕೆ ಮಾಯಾಮಾಳವಗೌಳ ರಾಗವನ್ನು ಆರಿಸಿದ ಕೀರ್ತಿಯನ್ನು ಪರಂಪರೆ ಕೊಡುವುದು ಈ ಮನುಷ್ಯನಿಗೆ. ಮಕ್ಕಳ ಪಾಠವೆಂದು ನಾವು ಭಾವಿಸುವುದನ್ನು, ಅರ್ಧ ಆಯುಷ್ಯವನ್ನು ಬೇರೆ ವ್ಯವಹಾರದಲ್ಲಿ ಕಳೆದವನೊಬ್ಬ ಕಟ್ಟಿದ ಎಂದು ನೆನಪಿಟ್ಟರೆ ಆ ಪಾಠದ ಮುಖವೇ ಬದಲಾಗುತ್ತದೆ.

ಸರಳೆ ವರಸೆಯನ್ನು ಒಂದು ಪಠ್ಯವಾಗಿ ಓದಿ ನೋಡಿ. ಅದಕ್ಕೆ ನಾಟಕೀಯ ಆರಂಭವಿಲ್ಲ, ವಿಜಯದ ಅಂತ್ಯವೂ ಇಲ್ಲ. ಇರುವುದೆಲ್ಲ ನಡುವೆ. ನಾಲ್ಕು ಹೆಜ್ಜೆ ಮುಂದೆ, ಎರಡು ಹಿಂದೆ, ಮತ್ತೆ ಅದೇ ಜಾಗ, ಈ ಸಲ ಸ್ವಲ್ಪ ಬೇರೆ ಕಡೆಯಿಂದ. ಅಜ್ಜಿಯ ಕಥೆ ಬಿಟ್ಟ ತಿಂಗಳುಗಳು, ಶಿವನ ಕಥೆ ಬಿಟ್ಟ ಅಭ್ಯಾಸ ಎಲ್ಲವೂ ಇಲ್ಲಿದೆ. ನಮ್ಮ ಸಾಹಿತ್ಯ ಕಲಿಕೆಯ ನಡುಭಾಗವನ್ನು ಬರೆಯಲಿಲ್ಲ ಎಂದೆ. ನಮ್ಮ ಸಂಗೀತ ಅದನ್ನು ಬರೆದಿಟ್ಟಿದೆ.

ಈ ಪಾಠ ಬೇಸ್ ಗಿಟಾರಿಗೆ ಒಗ್ಗುತ್ತದೆಯೇ? ಒಗ್ಗುತ್ತದೆ, ಬಹಳ ಚೆನ್ನಾಗಿ. ನಾಲ್ಕು ತಂತಿಗಳನ್ನು ದಪ್ಪದಿಂದ ಸಣ್ಣದಕ್ಕೆ ಇ, ಎ, ಡಿ, ಜಿ ಎಂದು ಶ್ರುತಿ ಮಾಡುತ್ತಾರೆ. ಒಂದು ತಂತಿಗೂ ಮುಂದಿನದಕ್ಕೂ ಷಡ್ಜದಿಂದ ಮಧ್ಯಮದಷ್ಟು ಅಂತರ. ಇ ತಂತಿಯನ್ನು ಬೆರಳಿಡದೆ ಮೀಟಿದ್ದನ್ನೇ ಷಡ್ಜವೆಂದುಕೊಳ್ಳಿ. ಅದೇ ತಂತಿಯ ಒಂದನೇ ಮೆಟ್ಟು ಮಾಯಾಮಾಳವಗೌಳದ ರಿಷಭ, ನಾಲ್ಕನೇ ಮೆಟ್ಟು ಗಾಂಧಾರ. ಮುಂದಿನ ಎ ತಂತಿ ಖಾಲಿಯಾಗಿ ಮಧ್ಯಮ, ಅದರ ಎರಡನೇ ಮೆಟ್ಟು ಪಂಚಮ, ಮೂರನೇ ಮೆಟ್ಟು ದೈವತ. ಡಿ ತಂತಿಯ ಒಂದನೇ ಮೆಟ್ಟು ನಿಷಾದ, ಎರಡನೇ ಮೆಟ್ಟು ಮೇಲಿನ ಷಡ್ಜ. ಇಡೀ ಆರೋಹಣದಲ್ಲಿ ಕೈ ನಾಲ್ಕನೇ ಮೆಟ್ಟನ್ನು ದಾಟುವುದಿಲ್ಲ, ಎಂಟು ಸ್ವರಗಳಲ್ಲಿ ಎರಡಕ್ಕೆ ಎಡಗೈ ಬೆರಳೇ ಬೇಡ. ಗಂಟುಗಳಲ್ಲಿ ನೋವಿರುವ ಕೈಗೆ ಕಷ್ಟವಾಗುವ ಜಾಗ ಒಂದೇ, ರಿಷಭದಿಂದ ಗಾಂಧಾರಕ್ಕೆ ಚಾಚುವುದು. ಸಾಮಾನ್ಯವಾದ 34 ಅಂಗುಲ ತಂತಿಯಳತೆಯ ಬೇಸ್‌ನಲ್ಲಿ ಈ ಎರಡು ಮೆಟ್ಟುಗಳ ನಡುವೆ ಸುಮಾರು 13 ಸೆಂಟಿಮೀಟರ್ ದೂರ, 30 ಅಂಗುಲದ ಗಿಡ್ಡ ಬೇಸ್‌ನಲ್ಲಿ ಹನ್ನೊಂದೂವರೆ. ಬೆರಳು ಚಾಚದಿದ್ದರೆ ಕೈಯನ್ನೇ ಸರಿಸಿದರಾಯಿತು. ಇಂಥ ಲೆಕ್ಕ ಸಾಹಿತ್ಯ ವಿಮರ್ಶೆಯಲ್ಲಿ ಯಾಕೆ ಎಂದು ಕೇಳಬಹುದು. ಮುಪ್ಪಿನ ಕಲಿಕೆಯ ಕಥೆಯಲ್ಲಿ ಪಾತ್ರದ ಘನತೆ ನಿಂತಿರುವುದೇ ಈ ಒಂದೂವರೆ ಸೆಂಟಿಮೀಟರಿನ ಮೇಲೆ. ಅದು ಗೊತ್ತಿಲ್ಲದ ಕಥೆಗಾರ ಅಪ್ಪನ ಸೋಲನ್ನು ವಯಸ್ಸಿನ ಖಾತೆಗೆ ಬರೆಯುತ್ತಾನೆ, ಗೊತ್ತಿರುವವನು ವಾದ್ಯದ ಅಳತೆ ಬದಲಿಸಿ ಕಥೆಯನ್ನು ಮುಂದುವರಿಸುತ್ತಾನೆ.

ಬೇಸ್ ಗಿಟಾರ್ ಹೊರಗಿನದು, ಹಂಪಿಗೂ ಅದಕ್ಕೂ ಏನು ಸಂಬಂಧ ಎಂಬ ಮಾತು ಬಂದರೆ ರಾಮಾಮಾತ್ಯನನ್ನು ನೆನೆಯಬೇಕು. ಅಳಿಯ ರಾಮರಾಯನ ಕೋರಿಕೆಯಂತೆ 1550ರಲ್ಲಿ ವಿಜಯನಗರದಲ್ಲಿ ರಚನೆಯಾದ ಅವನ 'ಸ್ವರಮೇಳಕಲಾನಿಧಿ' ವೀಣೆಯ ಮೆಟ್ಟುಗಳ ಲೆಕ್ಕವನ್ನು ವಿವರವಾಗಿ ಕೊಡುವ ಗ್ರಂಥ. ಅವನ ಶುದ್ಧಮೇಳ ವೀಣೆಗೂ ನುಡಿಸುವ ತಂತಿಗಳು ನಾಲ್ಕು: ಅನುಮಂದ್ರ ಷಡ್ಜ, ಅನುಮಂದ್ರ ಪಂಚಮ, ಮಂದ್ರ ಷಡ್ಜ, ಮಂದ್ರ ಮಧ್ಯಮ. ನಾಲ್ಕು ತಂತಿ, ಮೆಟ್ಟುಗಳು, ತಗ್ಗಿನ ಸ್ಥಾಯಿ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ತಗ್ಗಿನ ಸ್ವರದ ಮೇಲೆ ಕಟ್ಟಡ ನಿಲ್ಲಿಸುವ ಯೋಚನೆ ಈ ಕಲ್ಲುಗಳಿಗೆ ಹೊಸದಲ್ಲ ಎಂದಷ್ಟೇ.

*

ಇನ್ನು ಉಳಿದದ್ದು ಹೊಸಪೇಟೆ. ಕೃಷ್ಣದೇವರಾಯ ತಾಯಿ ನಾಗಲಾದೇವಿಯ ಹೆಸರಿನಲ್ಲಿ ನಾಗಲಾಪುರವನ್ನು ಕಟ್ಟಿಸಿದ, ಅದೇ ಇಂದಿನ ಹೊಸಪೇಟೆ ಎಂಬುದು ಪ್ರಚಲಿತ ಕಥೆ. ಅದೇ ಕಾಲದಲ್ಲಿ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಿಸ್, ಅದು ಅರಸ ತಾನು ಪ್ರೀತಿಸಿದ ಹೆಂಡತಿಯ ಹೆಸರಿನಲ್ಲಿ ಕಟ್ಟಿಸಿದ ಊರು ಎಂದು ಬರೆದ. ಎರಡರಲ್ಲಿ ಯಾವುದು ನಿಜವಾದರೂ ಊರಿನ ಬಾಯಲ್ಲಿ ಇಂದು ಆ ಹೆಸರಿಲ್ಲ. ಉಳಿದದ್ದು 'ಹೊಸ ಪೇಟೆ' ಎಂಬ ಯಾರಿಗೂ ಸೇರದ ಹೆಸರು.

ಹೆತ್ತವರಿಗೆ ಮಕ್ಕಳು ಮಾಡಬಹುದಾದದ್ದು ಏನು ಎಂಬ ಪ್ರಶ್ನೆಗೆ ಈ ಕಥೆ ಕೊಡುವ ಉತ್ತರ ಕಾಣಿಕೆ. ಇಂದಿನ ಮಧ್ಯಮ ವರ್ಗದ ಉತ್ತರವೂ ಅದೇ. ಮನೆ ಕಟ್ಟಿಸಿ ತಾಯಿಯ ಹೆಸರಿಡುತ್ತೇವೆ, ಹುಟ್ಟುಹಬ್ಬಕ್ಕೆ ದುಬಾರಿ ವಾದ್ಯವನ್ನೇ ತರಿಸಿ ಕೊಡುತ್ತೇವೆ. ಕಾಣಿಕೆ ಕೊಡುವವನು ದೊಡ್ಡವನಾಗುತ್ತಾನೆ, ಪಡೆಯುವವರು ಸುಮ್ಮನೆ ಪಡೆಯುತ್ತಾರೆ. ಕಲಿಸುವುದು ಹಾಗಲ್ಲ. ಅದಕ್ಕೆ ಬೇಕಾದದ್ದು ಹೊತ್ತು, ಅದೂ ಇಬ್ಬರ ಹೊತ್ತು. ಬೆಂಗಳೂರಿನಲ್ಲಿ ದುಡಿಯುವ ಮಗಳು ತಿಂಗಳಿಗೊಮ್ಮೆ ರೈಲು ಹತ್ತಿ ಹೊಸಪೇಟೆಗೆ ಬರುತ್ತಾಳೆ ಎಂದುಕೊಂಡರೆ ಅವಳ ಬಳಿ ಇಲ್ಲದಿರುವುದು ದುಡ್ಡಲ್ಲ, ಭಾನುವಾರ.

ಇದರ ಹಿಂದೆ ಇನ್ನೊಂದು ಮಾತಿದೆ, ಭಾವುಕ ಕಥೆಗಳು ಹೇಳಲು ಹೆದರುವ ಮಾತು. ಅರವತ್ತೈದರಲ್ಲಿ ಶುರು ಮಾಡಿದವರಿಗೆ ಎಲ್ಲಿಗೆ ತಲುಪಬೇಕು ಎಂಬುದಕ್ಕಿಂತ ಎಷ್ಟು ವರ್ಷ ಬೆರಳು ಆಡೀತು ಎಂಬುದು ದೊಡ್ಡ ಪ್ರಶ್ನೆ. ಮಗುವಿಗೆ ಕಲಿಸುವಾಗ ಮುಂದೆ ಯಾವತ್ತೋ ಬರುವ ಫಲಕ್ಕಾಗಿ ಇಂದಿನ ಬೇಸರವನ್ನು ತಾಳಿಕೊಳ್ಳುತ್ತೇವೆ. ಹೆತ್ತವರಿಗೆ ಕಲಿಸುವಾಗ ಆ 'ಮುಂದೆ' ಚಿಕ್ಕದು. ಆದ್ದರಿಂದ ಪಾಠದ ಆ ಒಂದು ಗಂಟೆಯೇ ಫಲವಾಗಬೇಕು, ಇವತ್ತಿನ ಪಾಠ ಇವತ್ತೇ ಸಂಗೀತವಾಗಬೇಕು. ಹಿಮ್ಮೇಳದ ರೂಪ ಇಲ್ಲಿ ಒಂದು ಬೋಧನಾ ತಂತ್ರಕ್ಕಿಂತ ದೊಡ್ಡದಾಗುತ್ತದೆ. ಅದು ಕಾಲ ಕಡಿಮೆ ಇರುವವರಿಗೆ ಸಲ್ಲಬೇಕಾದ ನ್ಯಾಯ. 'ಎಷ್ಟು ಸಲ ಹೇಳಬೇಕು' ಎಂಬ ಮಾತು ನಾವು ಚಿಕ್ಕವರಿದ್ದಾಗ ಅವರ ಬಾಯಲ್ಲಿ ಕೇಳಿದ್ದು. ಅದು ನಮ್ಮ ಬಾಯಿಗೆ ಬಂದ ಕ್ಷಣದಲ್ಲಿ ಒಂದು ಹಳೆಯ ಲೆಕ್ಕ ಚುಕ್ತಾ ಆಗುತ್ತಿದೆಯೋ, ಹೊಸದೊಂದು ಶುರುವಾಗುತ್ತಿದೆಯೋ ಎಂಬುದನ್ನು ನಮ್ಮ ಕಥೆಗಾರರು ಬರೆಯಬೇಕು.

ಬರೆಯುವವರಿಗೆ ಈ ನಾಲ್ಕು ಊರುಗಳು ಕೊಡುವ ಪಾಠ ಹೀಗೆ ಕೂಡಿಬರುತ್ತದೆ. ಸಂಡೂರಿನ ಕಥೆ ಬಾಗುವ ತಂದೆಯನ್ನು ತೋರಿಸಿತು, ಬಾಗುವ ಕಷ್ಟವನ್ನು ತೋರಿಸಲಿಲ್ಲ. ಕಂಪ್ಲಿಯ ಕಥೆ ಕಷ್ಟವನ್ನು ತೋರಿಸಿತು, ದಾರಿ ತೋರಿಸಲಿಲ್ಲ. ಹೊಸಪೇಟೆ ಕಾಣಿಕೆಯ ಮಿತಿಯನ್ನು ಹೇಳಿತು. ದಾರಿ ಇರುವುದು ದರೋಜಿಯ ಹಿಮ್ಮೇಳದಲ್ಲಿ ಮತ್ತು ಹಂಪಿಯ ಸರಳೆ ವರಸೆಯಲ್ಲಿ: ಜೊತೆಗೆ ನಿಂತು ದನಿಗೂಡಿಸುವುದು, ಅದದೇ ಹೆಜ್ಜೆಯನ್ನು ಬೇಸರಿಸದೆ ಮತ್ತೆ ಇಡುವುದು. ಇವೆರಡನ್ನೂ ಕೂಡಿಸಿ ಬರೆದ ಕಥೆಯಲ್ಲಿ ಕೊನೆಗೆ ವೇದಿಕೆ ಬೇಕಾಗಿಲ್ಲ, ಪಾದನಮಸ್ಕಾರವೂ ಬೇಕಾಗಿಲ್ಲ. ಮಧ್ಯಮದಿಂದ ಪಂಚಮಕ್ಕೆ ಹೋಗುವಾಗ ಮೂರು ವಾರ ತಡವರಿಸಿದ ಬೆರಳು ನಾಲ್ಕನೇ ವಾರ ತಡವರಿಸದಿದ್ದರೆ, ಮಗಳು ಅದನ್ನು ಗಮನಿಸಿಯೂ ಏನೂ ಹೇಳದೆ ಹಾಡನ್ನು ಮುಂದುವರಿಸಿದರೆ, ಅಷ್ಟು ಸಾಕು.